ಮೂರನೆಯ ಹಳಿ

ಅವರ ಲೆಕ್ಕದಲ್ಲಿ ಈ ಮಾರ್ಗದ ಚರಿತ್ರೆ
ಒಂಬತ್ತನೆಯ ತಿಂಗಳ ಒಂಬತ್ತನೆಯ ತಾರೀಖು
ರಾತ್ರಿ ಒಂಬತ್ತಕ್ಕೆ ಶುರು.
ನನ್ನ ಲೆಕ್ಕ ಬೇರೆ.
ಸೋನಾಪುರದ ಕ್ಯಾಂಪು, ಬೆಳಗಿನ ಮೂರೂಮುಕ್ಕಾಲು,
ಹದಿನೆಂಟು ಮಂದಿಗೆ ಒಂದು ಬಚ್ಚಲು,
ದಾವಲಸಾಬನ ಪಾಳಿ ಬರುವುದಕ್ಕೂ
ನಳ ನಿಲ್ಲುವುದಕ್ಕೂ ಸರಿಹೋಗಿ
ಸಾಬೂನನ್ನು ಮೈಮೇಲೇ ಒಣಗಿಸಿಕೊಂಡು
ಅವನು ಬಸ್ಸು ಹತ್ತಿದ ದಿನ.

ಜೆಬೆಲ್ ಅಲಿಯಲ್ಲಿ ಹಡಗಿನ ಹೊಟ್ಟೆಯಿಂದ
ಹಳಿ ಇಳಿಯುತ್ತಿತ್ತು.
ಎರಡು, ಗಾಲಿಗೆ.
ಮೂರನೆಯದು ಕರೆಂಟಿಗೆ.
ಏಳುನೂರ ಐವತ್ತು ವೋಲ್ಟು,
ಹಳದಿ ಮುಚ್ಚಳದಡಿ ಸುಮ್ಮನೆ ಬಿದ್ದುಕೊಂಡಿರುತ್ತದೆ.
ಫೋರ್‌ಮನ್ ರೊಹೆಲಿಯೊ ತನ್ನ ಮುರುಕು ಹಿಂದಿಯಲ್ಲಿ
ಒಂದೇ ಪಾಠ ಹೇಳಿದ:
ಇದು ಹಾವಲ್ಲ, ಬುಸುಗುಟ್ಟುವುದಿಲ್ಲ.

ದಾವಲಸಾಬ ನರೇಗಲ್ಲಿನ ಪಿಂಜಾರರ ಹುಡುಗ.
ಪೇಟೆಗೆ ಫೋಮಿನ ಗಾದಿ ಬಂದ ಮೇಲೆ
ಅಪ್ಪನ ಬಿಲ್ಲು ಜಂತಿಗೆ ನೇತುಬಿದ್ದು
ಹೆದೆ ಸಡಿಲಾಗಿ
ಅದರ ಮೇಲೆ ಟವೆಲ್ಲು ಒಣಹಾಕುತ್ತಿದ್ದರಂತೆ.

ಮೊದಲ ಸಲ ಕರೆಂಟು ಬಿಟ್ಟ ರಾತ್ರಿ
ಪಟ್ಟಿಯಾಚೆ ನಿಂತಿದ್ದೆವು ಅರವತ್ತು ಹೆಲ್ಮೆಟ್ಟುಗಳು.
ವಾಕಿಟಾಕಿಯಲ್ಲಿ ಯಾರೋ ಎಣಿಸಿದರು.
ಆಮೇಲೆ, ಸಬ್‌ಸ್ಟೇಶನ್ನಿನ ಕಡೆಯಿಂದಲೋ
ಕಾಲಡಿಯ ಕಾಂಕ್ರೀಟಿನಿಂದಲೋ
ಒಂದು ಝೇಂಕಾರ, ಸಣ್ಣದು,
ನಿದ್ದೆಗಣ್ಣಿನಂಥದು.
‘ಕೇಳ್ರಿಲೆ,’ ಅಂದ ದಾವಲಸಾಬ,
‘ನಮ್ಮಪ್ಪ ಹತ್ತಿ ಪಿಂಜಾಕತ್ತಾನ.’
ಫ್ಲಡ್‌ಲೈಟಿನ ಬೆಳಕಿಗೆ ಮರಳು
ಅರಳೆಯಾಗಿ ಏಳುತ್ತಿತ್ತು.
ಅವನು ಹೇಳಿದ ಮೇಲೆ ಹಾಗೆ ಕಂಡಿರಬಹುದು.

ಮತ್ತೊಂದು ರಾತ್ರಿ ರೈಲು ಬಂತು.
ಓಡಿಸುವವನಿಲ್ಲ. ಸೀಟುಗಳ ಮೇಲೆ
ಮರಳಿನ ಚೀಲಗಳು, ಸಾಲಾಗಿ,
ಮನುಷ್ಯರ ತೂಕದ ಲೆಕ್ಕಕ್ಕೆ ಕೂರಿಸಿದ್ದು.
ಇಲ್ಲಿಯ ಮೊದಲ ಪ್ರಯಾಣಿಕ ಮರಳೇ;
ತಾನು ಬಿಟ್ಟುಕೊಟ್ಟ ಜಾಗವನ್ನು
ಕಿಟಕಿಯಿಂದ ನೋಡಿಕೊಂಡು ಹೋಯಿತು.

ಅಷ್ಟರಲ್ಲಿ ಊರ ತುಂಬ ಕ್ರೇನುಗಳು
ಕತ್ತು ಎತ್ತಿದಲ್ಲೇ ನಿಂತವು.
ಕ್ಯಾಂಟೀನಿನ ಬಾಗಿಲಿಗೆ ಪಟ್ಟಿ ಅಂಟಿಸಿದರು.
ಅವನ ಹೆಸರನ್ನು ತಪ್ಪಾಗಿ ಬರೆದಿದ್ದರು;
ಬೇರೆ ಯಾರೋ ಇರಬೇಕೆಂದು
ಎರಡು ದಿನ ನಂಬಿದ್ದೆವು.
ಹೊರಟಾಗ ಕೇಳಿದ್ದು ಇಷ್ಟೇ:
‘ಟಿಕೀಟು ಎಷ್ಟ ಇಡ್ತಾರ, ಫೋನ್ ಮಾಡಿ ಹೇಳು.’
ನಾನು ಹೇಳಲಿಲ್ಲ. ಆ ವರ್ಷ
ಫೋನ್ ಮಾಡುವಂಥ ವರ್ಷವಾಗಿರಲಿಲ್ಲ.

ಈಗ ಕೂತಿದ್ದೇನೆ ಮುಂದಿನ ಡಬ್ಬಿಯಲ್ಲಿ.
ದೊಡ್ಡ ಗಾಜಿನೆದುರು ಒಬ್ಬ ಪುಟ್ಟ ಹುಡುಗ
ಇಲ್ಲದ ಸ್ಟಿಯರಿಂಗು ತಿರುಗಿಸುತ್ತಿದ್ದಾನೆ.
ಸಿಕ್ಕಲ್ಲಿ ಮಲಗಿದರೆ ದಂಡ.
ಇದೇ ಕಾಂಕ್ರೀಟಿನ ಮೇಲೆ, ಎರಡು ಹಳಿಗಳ ನಡುವೆ,
ಹೆಲ್ಮೆಟ್ಟು ತಲೆದಿಂಬಾಗಿ
ನಾವು ಗೊರೆದ ಮಧ್ಯಾಹ್ನಗಳಿಗೆ
ಎಷ್ಟಾಗುತ್ತದೋ.

ರೋಣದಲ್ಲಿ ದಾವಲಸಾಬ
ಮೋಟಾರಿನ ಪಿಂಜುವ ಯಂತ್ರ ಹಾಕಿದ್ದಾನೆ.
ಕರೆಂಟು ಹೋಗಿತ್ತು, ಅದಕ್ಕೇ ಫೋನೆತ್ತಿದ.
ಫೋನನ್ನು ನೆಲದ ಹತ್ತಿರ ಹಿಡಿದೆ:
‘ಕೇಳಸ್ತೈತಿ?’
ಬಹಳ ಹೊತ್ತು ಸುಮ್ಮನಿದ್ದ.
‘ಎಂಥದೂ ಇಲ್ಲ,’ ಅಂದ.
ಬಾಗಿಲು ಮುಚ್ಚುವ ಸೂಚನೆ ಬಂತು,
ಅರಬ್ಬಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ.
‘ಯಾರಲೇ ಅದು, ಹೆಣ್ಮಗಳು?’