ನೀರು ಮುಗಿದದ್ದು ತಿಳಿಯುವ ಯಂತ್ರ

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನ ಅಂಗಡಿ.
ಸುಟ್ಟ ಮೋಟಾರಿನ ಹೊಟ್ಟೆ ಬಗೆದು
ಕರಿ ತಂತಿ ಕಿತ್ತು ಕೆಂಪು ತಂತಿ ಸುತ್ತುವುದು ಕೆಲಸ.
ಕೀಲಾರ, ಬಸರಾಳು, ಹೊಳಲಿನ ಪಂಪ್‌ಸೆಟ್ಟುಗಳು
ನನ್ನ ಬೆಂಚಿನ ಮೇಲೆ ಮಲಗೆದ್ದು ಹೋಗಿ
ಮತ್ತೆ ನೀರೆತ್ತಿವೆ.

ಮನೆಯಲ್ಲಿ ಮೂರು ವಾರದಿಂದ ಅನ್ನ ಅರೆಬೆಂದಿದೆ.

ಪ್ರಮೀಳ ಬಡಿಸುತ್ತಾಳೆ, ಮಾತಿಲ್ಲದೆ.
ನಾನು ಅಗಿಯುತ್ತೇನೆ, ಮಾತಿಲ್ಲದೆ.
ನಿನ್ನೆ ಮಾತ್ರ ತಟ್ಟೆ ಇಡುತ್ತಾ ಅಂದಳು:
"ಊರ ಮೋಟ್ರಿಗೆಲ್ಲಾ ಜೀವ ಕೊಡ್ತೀಯ,
ಮನೆ ಕುಕ್ಕರು ನಿನ್ ಕಣ್ಗೆ ಬೀಳಾಕೆ
ಅದೂ ಅಂಗಡಿ ಮುಂದೆ ಸಾಲಲ್ಲಿ ನಿಂತ್ಕಬೇಕಾ?"

ಇವತ್ತು ಭಾನುವಾರ. ಸಕ್ಕರೆ ಕಾರ್ಖಾನೆಯ ಕಡೆಯಿಂದ
ಕಾಕಂಬಿಯ ಹುಳಿವಾಸನೆ ಕಿಟಕಿ ದಾಟಿ ಬಂದು ಕೂತಿದೆ.
ಹಳೇ ಪೇಪರು ಹಾಸಿ ಕುಕ್ಕರು ಮಗುಚಿದೆ.
ಪ್ಲಗ್ಗು ಕಿತ್ತಿದೆಯಾ ಅಂತ ಎರಡು ಸಲ ನೋಡಿದೆ.
ಕರೆಂಟಿನ ಕೆಲಸದವನಿಗೆ
ಈ ಭಯವೇ ಇಷ್ಟು ವರ್ಷ ಅನ್ನ ಹಾಕಿದ್ದು.

ಮೂರು ತಿರುಪು. ತಳ ಕಳಚಿತು.
ಒಳಗೆ ಒಣಗಿದ ಜಿರಳೆ ಎರಡು,
ಸಾಸಿವೆ ಏಳೆಂಟು, ಗಂಜಿ ಹರಿದು ಗಟ್ಟಿಯಾದ ಗೆರೆ,
ಮತ್ತೆ, ಅಯ್ಯೋ,
ಪ್ರಮೀಳಳ ಓಲೆಯ ಚಿನ್ನದ ತಿರುಪು.
ಹೋದ ಯುಗಾದಿಯಲ್ಲಿ ಅದು ಕಳೆದಾಗ
"ನಿನ್ನ ಕೈಗೆ ಕೊಟ್ಟದ್ದು ಯಾವುದು ಉಳಿದಿದೆ" ಎಂದು
ಎರಡು ದಿನ ಕೂಗಾಡಿದ್ದೆ.
ಮೆಲ್ಲಗೆ ಅಂಗಿಯ ಜೇಬಿಗೆ ಇಳಿಸಿದೆ.

ಮೀಟರು ಹಚ್ಚಿದೆ. ವೈರು ಸರಿ. ಫ್ಯೂಸು ಸರಿ.
ಕಾಯುವ ತಟ್ಟೆ ಎಪ್ಪತ್ತೈದು ಓಮು, ಅದೂ ಸರಿ.
ಎಲ್ಲಾ ಸರಿಯಿರುವ ಕಡೆ ಕೆಟ್ಟದ್ದನ್ನು ಹುಡುಕುವುದು
ಎಂಥಾ ಕಷ್ಟವೆಂದು
ಗಂಡಹೆಂಡಿರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮುಚ್ಚಳದ ಆವಿತೂತಿಗೆ ಹಳೇ ಹಲ್ಲುಜ್ಜುವ ಬ್ರಶ್ಶು,
ಪಾತ್ರೆಯ ತಳದ ಕಲೆಗೆ ನಿಂಬೆಹೋಳು ಉಪ್ಪು.
ಉಜ್ಜುತ್ತಾ ಮಗಳಿಗೆ ಹೇಳಿದೆ:
ನೋಡು ಚಿನ್ಮಯಿ, ಅನ್ನ ಬೆಂದದ್ದು ಇದಕ್ಕೆ ತಿಳಿಯುವುದಿಲ್ಲ.
ನೀರು ಮುಗಿದದ್ದು ತಿಳಿಯುತ್ತದೆ.
ನೀರಿರುವ ತನಕ ಕಾವು ಒಂದೇ ಹದದಲ್ಲಿ ನಿಲ್ಲುತ್ತೆ,
ಆರಿತೋ, ಸರ್ರನೆ ಏರುತ್ತೆ.
ಆಗ ನಡುವಿನ ಈ ಅಯಸ್ಕಾಂತ
ತಾನು ಹಿಡಿದದ್ದನ್ನು ಮರೆತು ಬಿಟ್ಟುಬಿಡುತ್ತೆ. ಟಕ್.
"ಬಿಸಿ ಆದ್ರೆ ಮರೆಯುತ್ತಾ?" ಅಂದಳು.
ಬಿಸಿಯಾದಾಗಲೇ ಎಲ್ಲ ನೆನಪಾಗುವ ಮನೆಯಲ್ಲಿ ಹುಟ್ಟಿದವಳು.

ಮುದ್ದೆ ಕೋಲು ತೊಳೆಯುತ್ತಿದ್ದ ಪ್ರಮೀಳ
ತಿರುಗದೆಯೇ ಕೇಳಿದಳು:
"ಆ ನಡುಮಧ್ಯದ ಬಿಲ್ಲೆ ಅಂಚು ಒರೆಸಿದ್ಯಾ?"

ಒರೆಸಿರಲಿಲ್ಲ.
ಉಗುರು ಹಾಕಿ ಕೆರೆದೆ.
ತಟ್ಟೆಗೂ ಬಿಲ್ಲೆಗೂ ನಡುವೆ
ಕಚ್ಚಿಕೊಂಡಿತ್ತು ಒಂದಗುಳು,
ಸುಟ್ಟು ಕರಿಕಾಗಿ, ಕಲ್ಲಾಗಿ.
ಅದರ ಮೇಲೆ ಕೂತ ಪಾತ್ರೆ ಕೂದಲೆಳೆಯಷ್ಟು ಎದ್ದು,
ಕಾವು ಅನ್ನ ಮುಟ್ಟದೆ ತಟ್ಟೆಯಲ್ಲೇ ಕುದ್ದು,
ನೀರು ತುಂಬಿರುವಾಗಲೇ
ನೀರು ಮುಗಿಯಿತೆಂದು ನಂಬಿ
ಯಂತ್ರ ದಿನವೂ ಕೈಬಿಡುತ್ತಿತ್ತು.

ಅನ್ನ ಬೆಂದಿದೆಯೋ ನೋಡಲು
ಒಂದಗುಳು ಹಿಸುಕಿದರೆ ಸಾಕು ಎನ್ನುತ್ತಿದ್ದಳು ನಮ್ಮಜ್ಜಿ.
ಬೇಯದಂತೆ ಮಾಡಲೂ ಅಷ್ಟೇ ಸಾಕೆಂದು
ಅವಳಿಗೆ ಗೊತ್ತಿತ್ತೋ ಏನೋ, ಸೌದೆಯ ಒಲೆಯವಳು.

ಮೂರು ತಿರುಪು ಬಿಗಿದೆ. ಎರಡು ಪಾವು ಅಕ್ಕಿ,
ಬೆರಳ ಗೆಣ್ಣಿನವರೆಗೆ ನೀರು.
ಮೂವರೂ ನೆಲದ ಮೇಲೆ ಕೂತು ಕಾದೆವು,
ಗದ್ದೆಗೆ ನಾಲೆ ನೀರು ಬಿಡುವ ದಿನ
ತೂಬಿನ ಮೇಲೆ ಕಾಯುವವರ ಹಾಗೆ.
ತೂತಿನಿಂದ ಆವಿ ಸಣ್ಣಗೆ, ಆಮೇಲೆ ದಪ್ಪಗೆ,
ಆಮೇಲೆ ಇಲ್ಲ.
ಟಕ್.

ಪ್ರಮೀಳ ಒಂದಗುಳು ಹಿಸುಕಿ ನೋಡಿದಳು.
ಏನೂ ಹೇಳಲಿಲ್ಲ. ನನ್ನ ತಟ್ಟೆಗೇ ಮೊದಲು ಬಡಿಸಿದಳು.

ಓಲೆಯ ತಿರುಪು ಇನ್ನೂ ಜೇಬಿನಲ್ಲಿದೆ.
ಈಗಲೇ ಕೊಡಬಹುದು. ಕೈ ಎಂಜಲು.
ನಾಳೆ ಅಂಗಿ ಒಗೆಯಲು ಹಾಕುತ್ತೇನೆ,
ಜೇಬು ನೋಡದೆ ಅವಳು ನೆನೆಹಾಕುವುದಿಲ್ಲ.