ಅಂಕವಿಲ್ಲದ ವಿಷಯ

ನಾ ಗಣಿತದ ಮಾಸ್ತರ.
ವೇಳಾಪಟ್ಟಿಯೊಳಗ ಒಂದು ಪಿರಿಯಡ್ ಖಾಲಿ ಉಳೀತಂತ
ಹೆಡ್‌ಮಾಸ್ತರು ನನ್ನ ಹೆಸರಿನ ಮುಂದ ಬರೆದರು:
ಒಂಬತ್ತು ‘ಬ’, ಧರ್ಮ ಮತ್ತು ನೀತಿ, ಶನಿವಾರ, ಕಡೀ ತಾಸು.

ಬನಹಟ್ಟಿಯ ಶನಿವಾರ ನಿಮಗ ಗೊತ್ತಿರಲಿಕ್ಕಿಲ್ಲ.
ಕಿಟಕಿ ತೆರೆದರ ಮಗ್ಗದ ಸಪ್ಪಳ, ಮುಚ್ಚಿದರ ಸೆಕೆ.
‘ಸತ್ಯ’ ಅಂತ ಒದರಬೇಕು, ‘ಕರುಣೆ’ ಅಂತ ಒದರಬೇಕು;
ಒದರಿ ಹೇಳಿದ ಕರುಣೆ
ಹಾಜರಿ ಕರದಂಗ ಕೇಳಸತೈತಿ.

ಈ ವಿಷಯಕ್ಕ ಅಂಕ ಇಲ್ಲ, ಶ್ರೇಣಿ ಅಷ್ಟೇ: ಎ, ಬಿ, ಸಿ.
ಒಟ್ಟು ಮೊತ್ತದಾಗ ಕೂಡೂದಿಲ್ಲ.
ಹುಡುಗರಿಗೂ ಗೊತ್ತು. ಪುಸ್ತಕದ ಮ್ಯಾಲ ತಲಿ ಇಟ್ಟು ಮಲಗತಾವ,
ರಾತ್ರಿ ಕಂಡಿಕಿ ಸುತ್ತಿದ ಬೆರಳು ಇನ್ನೂ ಮಿಸುಕಾಡತಾವ.

ಎಲ್ಲಾ ಧರ್ಮದ ಸಾರ ಒಂದೇ, ಅಂತ ಪುಸ್ತಕದಾಗ ಐತಿ.
ತಸ್ಲೀಮಾ ಮೋಮಿನ್ ಎದ್ದು ನಿಂತಳು:
“ಸಾರ ಒಂದೇ ಆದರ ಸರ, ಪಾಠ ಯಾಕ ಆರು?”
ಲೆಕ್ಕದ ಪ್ರಶ್ನೆ ಅದು. ಉತ್ತರ ನನಗ ಬರಲಿಲ್ಲ.
ಬರಲಿಲ್ಲಂತ ಮನಿಗೆಲಸ ಕೊಟ್ಟೆ, ಮಾಸ್ತರು ಮಾಡೂದೇ ಅದು:
“ನಿಮ್ಮದಲ್ಲದ ಒಂದು ಮನಿಗೆ ಹೋಗ್ರಿ.
ಏನು ಉಣ್ತಾರ, ಯಾವಾಗ ಉಣ್ತಾರ, ಯಾರ ಕೈಲೆ ಉಣ್ತಾರ,
ನೋಡಿ ಒಂದು ಪುಟ ಬರೀರಿ.”

ಮೂವತ್ತೆಂಟು ಹಾಳಿ ಬಂದವು.
ಹನ್ನೊಂದು ಒಬ್ಬಂದೇ ನೋಡಿ ಇಳಿಸಿದ್ದು;
ಹನ್ನೊಂದರಾಗೂ ‘ಪ್ರಾಮಾಣಿಕತೆ’ಗೆ ಇಳಿ ಇರಲಿಲ್ಲ.
ಭರತೇಶ ಉಪಾಧ್ಯೆ ರಂಜಾನದಾಗ ತಸ್ಲೀಮಾನ ಮನಿಗೆ ಹೋಗಿದ್ದ:
“ಹೊತ್ತು ಮುಳುಗೂದ್ರಾಗ ನಮ್ಮನ್ಯಾಗ ತಾಟು ತೊಳೀತಾರ,
ಹೊತ್ತು ಮುಳುಗಿದ ಮ್ಯಾಲ ಅವರು ತಾಟು ಹಚ್ಚತಾರ.
ನಾ ಉಂಡೇ ಹೋಗಿದ್ದೆ. ಖರ್ಜೂರ ಕೊಟ್ಟರು.
ಕಿಸೇದಾಗ ಇಟಗೊಂಡು ಮುಂಜಾನೆ ತಿಂದೆ.”
ಎ ಹಾಕಿದೆ. ಕೆಂಪು ಶಾಯಿ, ಕೆಳಗೊಂದು ಗೆರಿ.

ಕಸ್ತೂರಿ ಮಾದರಳ ಹಾಳಿ ಅರ್ಧಾ ಪುಟ.

“ನಾನು ಯಾರ ಮನಿಗೂ ಹೋಗಲಿಲ್ಲ.
ಹೋದರ ಹೊರಗಿನ ಕಟ್ಟಿ ನೋಡಿ ಬರಬೇಕು,
ಒಳಗಿಂದು ಹೆಂಗ ಬರೀಲಿ?
ಅದಕ್ಕ ನಮ್ಮನಿಗೆ ಬಂದವರ ಬಗ್ಗೆ ಬರೀತೀನಿ.
ಗಣತಿಗೆ ಒಬ್ಬರು ಸರ ಬಂದಿದ್ದರು.
ನಾವು ಹೇಳೂಕಿಂತ ಮೊದಲೇ ಜಾತಿ ಬರಕೊಂಡರು.
ಅವ್ವ ಅಂಗಡ್ಯಾಗ ಉದ್ರಿ ಹಾಲು ತಂದು ಚಾ ಮಾಡಿದಳು.
ಸಕ್ಕರಿ ಬ್ಯಾನಿ ಐತಿ ಅಂದರು.
ನಾ ಕೊಡ ತಗೊಂಡು ನಳಕ್ಕ ಹೋದಾಗ
ಮುಂದಿನ ಓಣ್ಯಾಗ ಕಟ್ಟಿ ಮ್ಯಾಲ ಕುಂತು
ಕರದಂಟು ತಿನ್ನಾಕತ್ತಿದ್ದರು.
ಅವರು ಛಲೋ ಕಲಿಸ್ತಾರ.
ಪ್ರಮೇಯ ಅವರು ಹೇಳಿದರ ತಿಳೀತೈತಿ.”

ಹೆಸರು ಬರೆದಿರಲಿಲ್ಲ.

ಕೆಂಪು ಪೆನ್ನು ಹಿಡದು ಎಷ್ಟು ಹೊತ್ತು ಕುಂತೆನೋ.
ಹೊರಗ ಕರೆಂಟ್ ಹೋತು; ಊರಿನ ಮಗ್ಗ ಎಲ್ಲಾ ಒಮ್ಮೆಲೇ ನಿಂತವು.
ಇಷ್ಟು ಶಾಂತ ಆಗತೈತಿ ಈ ಊರು ಅಂತ
ಹದಿನಾಲ್ಕು ವರ್ಷದಾಗ ಲಕ್ಷ ಕೊಟ್ಟಿರಲಿಲ್ಲ.
ನನಗ ಸಕ್ಕರಿ ಬ್ಯಾನಿ ಇಲ್ಲ. ಆಗಲೂ ಇರಲಿಲ್ಲ.

ಎ ಹಾಕಿದರ ಲಂಚ. ಬಿ ಹಾಕಿದರ ಸೇಡು.
ಮೂವತ್ತೇಳು ಹೆಸರಿನ ಮುಂದ ಅಕ್ಷರ ತುಂಬಿ
ಒಂದು ಚೌಕ ಖಾಲಿ ಬಿಟ್ಟೆ.

ಐತವಾರ ಹೋದೆ.
ಚೀಟಿ ಹಂಚೂದಿರಲಿಲ್ಲ, ಗಣತಿ ಇರಲಿಲ್ಲ, ನೆವ ಯಾವುದೂ ಇರಲಿಲ್ಲ.
ಅವರವ್ವ ಕುರ್ಚಿ ಸೆರಗಿಲೆ ಒರಸಿ ಹಾಕಿದಳು, ಎರಡು ಸಲ.
“ಚಾ ಕುಡೀತೀನಿ” ಅಂದೆ, ಯಾರೂ ಕೇಳೂಕಿಂತ ಮೊದಲು,
ಸಾಲ ತೀರಿಸಾಕ ಬಂದಾಂವನಂಗ, ಜೋರಾಗಿ.
ಅದೂ ತಪ್ಪು ಧಾಟಿ ಅಂತ ಅಂದ ಮ್ಯಾಲ ತಿಳೀತು.

ಒಲಿ ಮುಂದ ಕುಂತ ಕಸ್ತೂರಿ ತಿರುಗಿ ನೋಡಲಿಲ್ಲ.
ನೀರು ಕುದೀತು. ಪುಡಿ ಬಿತ್ತು.
ಕ್ಲಾಸಿನ್ಯಾಗ ಸಂಶಯ ಕೇಳೂ ಅದೇ ದನಿಯೊಳಗ,
ನಿಧಾನ, ಕೇಳಿದಳು:
“ಸಕ್ಕರಿ ಹಾಕಲ್ಯಾ ಸರ, ಬ್ಯಾಡೋ?”