ಮಸೆದವನ ಕೈ

ಸಾಲಗಾಮೆ ರಸ್ತೆಯ ಆ ಮನೆಗೆ
ಪಟ್ಟಿ ಬರೆಯಲು ಕಳಿಸಿದ್ದರು ನನ್ನನ್ನು, ವಕೀಲರು.
ಹಡಗಿನ ಇಂಜಿನಿಯರು ನಂಜೇದೇವರು ತೀರಿಕೊಂಡು ಮೂರು ತಿಂಗಳು;
ಬಂದರಿಗೊಂದರಂತೆ ತಂದ ಕತ್ತಿಗಳು
ನಡುಮನೆಯ ಗೋಡೆ ತುಂಬ, ಮೂವತ್ತೊಂದು.

ತುಕ್ಕು ತೆಗೆಯಲು ಬಂದವರು ಪೆನ್ಷನ್ ಮೊಹಲ್ಲಾದ
ಸಾಣೆ ಬುಡೇನ್ ಸಾಬರು.
ಸೈಕಲ್ಲಿನ ಹಿಂಚಕ್ರಕ್ಕೆ ಬೆಲ್ಟು, ಬೆಲ್ಟಿಗೆ ಕಲ್ಲು.
ಅಂಗಳದಲ್ಲೇ ಅದನ್ನು ನಿಲ್ಲಿಸಿ ಒಳಬಂದರು,
ಚಪ್ಪಲಿ ಬಿಟ್ಟಂತೆ.

“ಸಾಣೆ ಬೇಡ, ಬರೀ ಎಣ್ಣೆ” ಅಂದರು ತಂಗಿ ಸರ್ವಮಂಗಳಮ್ಮ,
“ಹರಿತ ಮಾಡಿದರೆ ಬೆಲೆ ಇಳಿಯುತ್ತದಂತೆ.”
ಸಾಬರು ನಕ್ಕರು. ಐವತ್ತು ವರ್ಷದ ತಿರುಗಾಟದಲ್ಲಿ
ಮೊಂಡಿಗೆ ಜಾಸ್ತಿ ದುಡ್ಡು ಅಂದವರನ್ನು
ಇವತ್ತೇ ಕಂಡಿದ್ದು.

ನನ್ನ ಹಾಳೆಯಲ್ಲಿ ಐದು ಕಾಲಂ:
ಹೆಸರು, ದೇಶ, ಉದ್ದ, ತೂಕ, ಅಂದಾಜು ಬೆಲೆ.

ಜಪಾನಿನದು ಮೊದಲು ಇಳಿಯಿತು.
ಅಂಚಿನುದ್ದಕ್ಕೂ ಇಬ್ಬನಿ ಕೂತಂಥ ಬಿಳಿ ಗೆರೆ.
ನಾನು ಟೇಪು ಹಿಡಿದು “ಇಪ್ಪತ್ತೆಂಟು ಇಂಚು” ಅಂದೆ.
“ಮಣ್ಣು ಮೆತ್ತಿ ಕಾಯಿಸಿದ್ದಾನೆ” ಅಂದರು ಸಾಬರು,
“ಬೆನ್ನಿಗೆ ದಪ್ಪ, ಬಾಯಿಗೆ ತೆಳು.
ಬೆನ್ನು ಬಾಗಬೇಕು, ಬಾಯಿ ಬಾಗಬಾರದು.
ದುದ್ದದ ಕಾಳಾಚಾರಿ ಉಳಿಗೆ ಹೀಗೇ ಮೆತ್ತುತ್ತಿದ್ದ,
ಜಪಾನು ಎಲ್ಲಿದೆ ಅಂತ ಅವನಿಗೇನು ಗೊತ್ತು.”

ಜಾವಾದ್ದು ಹಾವು.
ಹನ್ನೊಂದು ಬಳುಕು ಅಂತ ಬರೆದೆ.
ಮುಟ್ಟದೆಯೇ, ದೂರದಿಂದ, “ಹದಿಮೂರು” ಅಂದರು.
ಹದಿಮೂರೇ.

ಇಥಿಯೋಪಿಯಾದ್ದರ ಕೊಕ್ಕೆ ಬಾಗು
ಗುರಾಣಿಯಾಚೆ ಅಡಗಿದವನನ್ನು ಬಳಸಿ ಮುಟ್ಟಲಿಕ್ಕಂತೆ;
ಕುಡುಗೋಲು ಅಂದುಕೊಂಡು ಸರ್ವಮಂಗಳಮ್ಮ
ಎರಡು ವರ್ಷ ಅದರಲ್ಲಿ ತೆಂಗಿನ ಗರಿ ಸವರಿದ್ದರು.
ಅಣ್ಣ ರಜೆಗೆ ಬಂದವರು ಊಟ ಬಿಟ್ಟಿದ್ದರಂತೆ.

ಸಹಾರಾದ ಕತ್ತಿಯ ಹಿಡಿಗೆ ಪೂರಾ ತೊಗಲು.
ಆ ಜನ ಬರಿಗೈಲಿ ಕಬ್ಬಿಣ ಮುಟ್ಟರೆಂದು
ಇಂಜಿನಿಯರ ಕೈಬರಹದ ಚೀಟಿ.
ಓದಿ ಹೇಳಿದೆ.
ಸಾಬರು ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು:
ಯಾವ ಸೋಪಿಗೂ ಹೋಗದ ಬೂದಿಬಣ್ಣ.

ಆಮೇಲೆ ಪಾರಸಿಯದು. ಎಣ್ಣೆಬಟ್ಟೆ ಎಳೆದಲ್ಲೆಲ್ಲಾ
ಉಕ್ಕಿನ ಮೈಯಲ್ಲಿ ನೀರು ಎದ್ದಿತು,
ಕೆರೆಗೆ ಗಾಳಿ ಬಿದ್ದಾಗಿನ ಸಣ್ಣ ಅಲೆ.
ಎಲ್ಲೋ ಓದಿದ್ದನ್ನು ಉಸುರಿದೆ:
ನಮ್ಮ ಸೀಮೆಯ ಮೂಸೆಗಳಲ್ಲಿ ಕರಗಿದ ಗಟ್ಟಿಗಳು
ಹಿಂದೆ ಸಮುದ್ರ ದಾಟಿದ್ದವು,
ಉಕ್ಕು ಎಂಬ ಮಾತನ್ನೂ ಗಂಟು ಕಟ್ಟಿಕೊಂಡು.
“ಹೌದಾ? ಹಾಲಿಗೂ ಅದೇ ಮಾತಲ್ವಾ” ಅಂದರು ಸಾಬರು.
ಅಷ್ಟರಲ್ಲಿ ಸರ್ವಮಂಗಳಮ್ಮ ಒಲೆ ಕಡೆಗೆ ಓಡಿದರು.
ದೇಶದ ಕಾಲಂ ಖಾಲಿ ಬಿಟ್ಟೆ.

ಕೊನೆಗೆ ಒಂದು: ಹೆಸರಿಲ್ಲ, ಚೀಟಿಯಿಲ್ಲ,
ನೆಟ್ಟನೆಯ, ಬಡಕಲು ಕತ್ತಿ.
ಕಿಟಕಿಯ ಬೆಳಕಿಗೆ ಹಿಡಿದು
ತುಂಬ ಹೊತ್ತು ಸುಮ್ಮನಿದ್ದರು.
“ಇವನು ಎಡಚ.”
ಯಾರು? ಕಾದಿದವನಾ?
“ಅವನು ಯಾರೋ ನನಗೇನು. ಮಸೆದವನು.
ಗೀರು ಈ ಕಡೆ ವಾಲಿವೆ ನೋಡಿ.”
ತಮ್ಮ ಎಡ ಹೆಬ್ಬೆರಳು ಅಲ್ಲಿಟ್ಟರು. ಸರಿಯಾಗಿ ಕೂತಿತು.
ಬಲಗೈಲಿ ಹಿಡಿಯೋ ಅಂತ
ಅಪ್ಪ ಆ ಬೆರಳ ಗಿಣ್ಣಿಗೇ ಹೊಡೆಯುತ್ತಿದ್ದರಂತೆ.

ನನಗೆ ನಮ್ಮೂರ ಏರಿಯ ವೀರಗಲ್ಲು ನೆನಪಾಯಿತು.
ಹುಲ್ಲಿಗೆ ಹೋಗುವ ಹೆಂಗಸರು
ನಿಂತು ಕುಡುಗೋಲು ಉಜ್ಜಿ ಉಜ್ಜಿ
ವೀರನ ಮೊಣಕೈ ಹೋಗಿದೆ, ಕತ್ತಿ ಅರ್ಧ ಹೋಗಿದೆ,
ಅವನನ್ನು ಕರೆದೊಯ್ಯುವ ಅಪ್ಸರೆಯರು ಮಾತ್ರ
ಎತ್ತರದಲ್ಲಿದ್ದು ಉಳಿದಿದ್ದಾರೆ.
ಹೇಳಬೇಕೆಂದುಕೊಂಡೆ. ಹೇಳಲಿಲ್ಲ.

ಸ್ಕೇಲು ಸಿಗದೆ ಪೆನ್ನಿನಲ್ಲೇ
ಆರನೇ ಕಾಲಂ ಎಳೆದೆ, ಗೆರೆ ಡೊಂಕಾಯಿತು.
ಮೂವತ್ತೊಂದನೆಯದರ ಎದುರು
‘ಎಡಗೈ’ ಎಂದು ಬರೆದೆ.
ವಕೀಲರು ನಾಳೆ ಹೊಡೆದುಹಾಕುತ್ತಾರೆ.

ಎಂಟು ನೂರು ಎಣಿಸಿಕೊಂಡು
ಸಾಬರು ಅಂಗಳಕ್ಕಿಳಿದರು.
“ಅಮ್ಮಾ, ಈಳಿಗೆಮಣೆ ಇದ್ರೆ ಕೊಡಿ, ಕಾಸು ಬೇಡ.”
ಸೈಕಲ್ ಹತ್ತಿ ತುಳಿದರು, ಎಲ್ಲಿಗೂ ಹೋಗದೆ.
ಹಗಲಲ್ಲೂ ಕಿಡಿ ಕಾಣುತ್ತಿತ್ತು.
ಹೆಬ್ಬೆರಳಿಂದ ಅಂಚು ಸವರಿ ನೋಡಿ
ಕೊಡುವಾಗ ಅಂದರು:
“ಹುಷಾರು, ಹಳೇ ಕೈಲಿ ಹೆಚ್ಚಬೇಡಿ.”